ಅವ್ವನ ದನಿಗೆ ಪ್ರೀಆಂಪ್ ಹುಡುಕಿದ್ದು

ಅವ್ವ ಮಂದ್ರದಲ್ಲಿ ಹಾಡುವಾಗ ದನಿ ಪಿಸುಮಾತಿನಷ್ಟು ಸಣ್ಣದಾಗುತ್ತದೆ. ತಾರ ಷಡ್ಜಕ್ಕೆ ಏರಿದರೆ ಮನೆಯೆಲ್ಲ ತುಂಬುತ್ತದೆ. ಧಾರವಾಡದ ನಮ್ಮ ಮನೆಯಲ್ಲೇ ಆಕೆಯ ವಚನ ಗಾಯನ ರೆಕಾರ್ಡ್ ಮಾಡಿಡಬೇಕು ಅಂತ ಹೊರಟೆ. ನನ್ನ ಕಷ್ಟವೆಲ್ಲ ಈ ಎರಡು ದನಿಗಳ ನಡುವೆಯೇ ಇತ್ತು.

ಮೊದಲು ತಂದದ್ದು ಶೂರ್ ಎಸ್‌ಎಂ7ಬಿ. ಒಳ್ಳೆಯ ಮೈಕ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಡೈನಮಿಕ್ ಮೈಕ್, ಹೊರಗೆ ಕೊಡುವ ಸಿಗ್ನಲ್ ಬಹಳ ಸಣ್ಣದು. ಅದನ್ನು ಎತ್ತಲು ಕನಿಷ್ಠ 60 ಡಿಬಿ (ಡೆಸಿಬೆಲ್) ಗೇನ್ ಬೇಕು ಅಂತ ತಯಾರಕರೇ ಹೇಳುತ್ತಾರೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ನನ್ನ ಹಳೆಯ ಇಂಟರ್‌ಫೇಸ್‌ನಲ್ಲಿ ಇದ್ದದ್ದು 56. ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರೂ ಮಂದ್ರದ ಸ್ವರಗಳು ಕೆಳಗೇ ಉಳಿದವು. ಆಮೇಲೆ ಕಂಪ್ಯೂಟರಿನಲ್ಲಿ ಮೇಲೆತ್ತಿದರೆ, ಸುಂಯ್ ಅನ್ನುವ ಹಿಸ್ ಕೂಡ ಜೊತೆಗೇ ಎದ್ದು ಬಂತು.

ಮೈಕ್ ಹತ್ತಿರ ಇಟ್ಟರೆ ಸಾಕು ಅಂತ ಕೆಲವರು ಹೇಳಿದರು. ಅದು ನಿಜವೇ. ದೂರ ಅರ್ಧಕ್ಕಿಳಿದರೆ ಸುಮಾರು 6 ಡಿಬಿ ಪುಕ್ಕಟೆ ಸಿಗುತ್ತದೆ. ಎರಡು ಬೆರಳಿನಷ್ಟು ಸಮೀಪ ಇಟ್ಟೆ. ಅವ್ವ ಎರಡು ಸಾಲು ಹಾಡಿ ನಿಲ್ಲಿಸಿದಳು. "ತಮ್ಮಾ, ಇಷ್ಟ್ ಸಮೀಪ ಇಟ್ರ ನನಗ ಹಾಡಾಕ ಆಗಂಗಿಲ್ಲ" ಅಂದಳು. ಆಕೆ ಹೇಳಿದ್ದು ಸರಿ. ತಾನ್ ತಗೊಳ್ಳುವಾಗ ತಲೆ ಆಡುತ್ತದೆ, ಕೈ ಆಡುತ್ತದೆ. ಅಷ್ಟು ಹತ್ತಿರದಲ್ಲಿ ತಲೆ ಒಂದಿಂಚು ಸರಿದರೂ ದನಿಯ ದಪ್ಪ ಬದಲಾಗುತ್ತದೆ. ಪಾಡ್‌ಕಾಸ್ಟ್‌ನವರು ಒಂದೇ ಕಡೆ ಕೂತು ಮಾತಾಡುತ್ತಾರೆ, ಅವರ ಲೆಕ್ಕ ಬೇರೆ.

ಹಾಗಾದರೆ ಬೇಕಾಗಿರುವುದು ಒಳ್ಳೆಯ ಪ್ರೀಆಂಪ್, ಅಂದರೆ ಮೈಕಿನ ಸಣ್ಣ ಸಿಗ್ನಲನ್ನು ಮೇಲೆತ್ತುವ ಸಾಧನ, ಅಂತ ನಿರ್ಧಾರ ಮಾಡಿದೆ. ಕ್ಲೌಡ್‌ಲಿಫ್ಟರ್ ಥರದ ಬೂಸ್ಟರ್ ಹಾಕಬಹುದಿತ್ತು, ಅದು 25 ಡಿಬಿವರೆಗೆ ಎತ್ತುತ್ತದೆ. ಅದಕ್ಕೂ ಮೊದಲು ಹುಬ್ಬಳ್ಳಿಯ ಗೆಳೆಯನ ಸ್ಟುಡಿಯೋಗೆ ಅವ್ವನನ್ನು ಕರೆದುಕೊಂಡು ಹೋದೆ. ಅಲ್ಲಿ ನೀವ್ 1073 ಮಾದರಿಯ ಪ್ರೀಆಂಪ್ ಇತ್ತು. ಮೂಲ 1073 ಬಂದದ್ದು 1970ರಲ್ಲಿ. ಅದರ ಟ್ರಾನ್ಸ್‌ಫಾರ್ಮರ್ ದನಿಗೆ ಒಂದು ಮೈ ಕೊಡುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ವಾ, ಅದನ್ನು ಕಿವಿಯಾರೆ ಕೇಳಬೇಕಿತ್ತು. ಅಲ್ಲಿದ್ದ ಕಂಡೆನ್ಸರ್ ಮೈಕ್‌ಗೆ ಒಮ್ಮೆ ಅದನ್ನು ಹಾಕಿದೆವು, ಇನ್ನೊಮ್ಮೆ ಇಂಟರ್‌ಫೇಸ್‌ನ ಸ್ವಂತ ಪ್ರೀಆಂಪ್ ಹಾಕಿದೆವು. ಎರಡನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿದೆವು. ಮಟ್ಟ ಸರಿ ಮಾಡದಿದ್ದರೆ ಜೋರಾಗಿರುವುದೇ ಚೆನ್ನಾಗಿ ಕೇಳಿಸುತ್ತದೆ. ಸಾಧಾರಣ ಗೇನ್‌ನಲ್ಲಿ ನನಗೆ ವ್ಯತ್ಯಾಸ ಸಿಗಲೇ ಇಲ್ಲ. ಗೇನ್ ಏರಿಸಿ ದೂಡಿದಾಗ ಮಾತ್ರ ತಾರದಲ್ಲಿ ಒಂದು ಗಡಸು ಸೇರಿಕೊಂಡಿತು. ಸಿನಿಮಾ ಹಾಡಿಗೆ ಅದು ಸೊಗಸಾಗಬಹುದು. ಅವ್ವನ ಕಂಠ ಮೊದಲೇ ದಪ್ಪ, ಅದಕ್ಕೆ ಬೇಕಿರಲಿಲ್ಲ.

ಆದರೆ ಆ ದಿನ ಹಿಸ್ ಎಲ್ಲಿಯೂ ಇರಲಿಲ್ಲ, ಸಾದಾ ಪ್ರೀಆಂಪಿನಲ್ಲೂ! ಕಾರಣ ಮೈಕ್. ಅದೇ ದನಿಗೆ ಎಸ್‌ಎಂ7ಬಿ ಸುಮಾರು 1 ಮಿಲಿವೋಲ್ಟ್ ಕೊಟ್ಟರೆ, ರೋಡ್ ಎನ್‌ಟಿ1-ಎ ಥರದ ಕಂಡೆನ್ಸರ್ ಸುಮಾರು 25 ಕೊಡುತ್ತದೆ. ಅಂದರೆ ಸುಮಾರು 27 ಡಿಬಿ ಮೈಕಿನಲ್ಲೇ ಸಿಕ್ಕಿತು. ಬೂಸ್ಟರ್‌ನಿಂದ ಪಡೆಯಬೇಕು ಅಂತಿದ್ದದ್ದೂ ಹೆಚ್ಚು ಕಡಿಮೆ ಅಷ್ಟೇ. ಪ್ರೀಆಂಪಿಗೆ ಹಣ ಕೂಡಿಸುತ್ತಿದ್ದವನು ಎನ್‌ಟಿ1-ಎ ತಂದೆ. ಹಳೆಯ ಇಂಟರ್‌ಫೇಸ್ ಹಾಗೇ ಉಳಿಯಿತು, ಕಂಡೆನ್ಸರ್ ಮೈಕ್ ನಡೆಯಲು ಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್ ಅದರಲ್ಲೇ ಇದೆ. ಈಗ ಗೇನ್ 35 ದಾಟುವುದಿಲ್ಲ.

ಮುಂದೆ ಯಾರಾದರೂ ಬೇರೆ ಪ್ರೀಆಂಪ್ ತಗೊಂಡರೆ ಒಂದು ಮಾತು. ಅದರ ತಂತಿಯನ್ನು ಇಂಟರ್‌ಫೇಸ್‌ನ ಲೈನ್ ಇನ್‌ಪುಟ್‌ಗೆ ಹಾಕಿ. ಮೈಕ್ ಇನ್‌ಪುಟ್‌ಗೆ ಹಾಕಿದರೆ ಒಂದರ ಮೇಲೆ ಇನ್ನೊಂದು ಪ್ರೀಆಂಪ್ ಕೂತಂತೆ, ದನಿ ಒಡೆಯುತ್ತದೆ.

ಒಂದೂವರೆ ಗೇಣು ದೂರದಲ್ಲಿ ಮೈಕ್ ನಿಂತ ಮೇಲೆ ಕೋಣೆಯೂ ಕೇಳಿಸತೊಡಗಿತು. ಗೋಡೆಯ ಮಾರ್ದನಿ, ಪಕ್ಕದ ಮನೆಯ ಕುಕ್ಕರ್ ಸೀಟಿ, ಎಲ್ಲ. ಅಜ್ಜಿ ಹೊಲಿದ ಎರಡು ಕೌದಿಗಳನ್ನು ತೆಗೆದು ಮೈಕಿನ ಹಿಂದೆ ಕಟ್ಟಿದೆ. ಏನೂ ಆಗಲಿಲ್ಲ. ಆಮೇಲೆ ಹೊಳೆಯಿತು: ಈ ಮೈಕ್ ಕಾರ್ಡಿಯಾಯ್ಡ್, ಮುಂದಿನದನ್ನು ಕೇಳುತ್ತದೆ, ಹಿಂದಿನದನ್ನು ಬಿಡುತ್ತದೆ. ಅದರ ಮುಂದಿರುವುದು ಅವ್ವ ಮತ್ತು ಅವ್ವನ ಬೆನ್ನ ಹಿಂದಿನ ಗೋಡೆ. ಕೌದಿಗಳನ್ನು ಆ ಗೋಡೆಗೆ ಕಟ್ಟಿದೆ. ಮಾರ್ದನಿ ಅಡಗಿತು. ಪ್ರೀಆಂಪ್ ಬದಲಿಸಿದ್ದಕ್ಕಿಂತ ಇದರಿಂದ ಆದ ವ್ಯತ್ಯಾಸ ಎಷ್ಟೋ ಜಾಸ್ತಿ.

ಗೇನ್ ಇಡುವಾಗ ಈಗ ಸುಮ್ನೆ ಹಲೋ ಹಲೋ ಅನ್ನಿಸುವುದಿಲ್ಲ. ಆ ವಚನದಲ್ಲಿ ಅತಿ ಎತ್ತರಕ್ಕೆ ಹೋಗುವ ಸಾಲನ್ನೇ ಎರಡು ಸಲ ಹಾಡಿಸುತ್ತೇನೆ. ಅದು ಮೀಟರಿನಲ್ಲಿ ಮೈನಸ್ 10 ಡಿಬಿಯ ಹತ್ತಿರ ನಿಂತರೆ ಸಾಕು (ಸೊನ್ನೆ ದಾಟಿದರೆ ದನಿ ಒಡೆಯುತ್ತದೆ). 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವುದರಿಂದ ಮಂದ್ರ ಎಷ್ಟು ಸಣ್ಣಗಿದ್ದರೂ ಕೆಡುವುದಿಲ್ಲ. ತಂಬೂರಿಯ ದನಿ ಹೆಡ್‌ಫೋನ್‌ನಲ್ಲಿ ಮಾತ್ರ. ಅವ್ವ ಒಂದು ಕಿವಿ ಬಿಟ್ಟುಕೊಂಡೇ ಹಾಡುತ್ತಾಳೆ, ಹಾಗಾಗಿ ಮೈಕಿಗೆ ಸೋರದಂತೆ ಆ ಬದಿಯ ದನಿ ಬಂದ್ ಮಾಡುತ್ತೇನೆ.

ಬೆಳಗಿನ ಐದಕ್ಕೆ ಫ್ಯಾನ್ ಆರಿಸಿ ಕೂರುತ್ತೇವೆ. ಬಸ್ಸಿನ ಓಡಾಟ ಶುರುವಾಗುವುದರೊಳಗೆ ಎರಡು ವಚನ ಮುಗಿಯುತ್ತವೆ. ಅವ್ವನಿಗೆ ಬರುವ ನಲವತ್ತರಲ್ಲಿ ಹನ್ನೊಂದು ಆಗಿವೆ.