ಕಾದಂಬರಿಯನ್ನು ನೀವೇ ಪ್ರಕಟಿಸುವುದಾದರೆ: ತಿದ್ದುವ, ಮಾರುವ ಕೆಲಸದಲ್ಲಿ ನನ್ನ ಅನುಭವ

ಕರಡು ಮುಗಿದ ಕೂಡಲೇ ಕಾಗುಣಿತ ತಿದ್ದಲು ಕೂರುವವರೇ ಹೆಚ್ಚು. ಮುಂದೆ ಕಿತ್ತು ಹಾಕಬೇಕಾದ ದೃಶ್ಯದ ಒತ್ತು, ದೀರ್ಘಗಳನ್ನು ವಾರಗಟ್ಟಲೆ ಸರಿಪಡಿಸಿದರೆ ಅಷ್ಟೂ ಶ್ರಮ ದಂಡ. ಮೊದಲು ಕಥೆಯ ಕಟ್ಟು, ಆಮೇಲೆ ವಾಕ್ಯ, ಕಟ್ಟಕಡೆಗೆ ಅಕ್ಷರ: ಈ ಕ್ರಮವನ್ನು ನಾನು ಬದಲಿಸುವುದಿಲ್ಲ. ಕರಡನ್ನು ಒಂದು ತಿಂಗಳಾದರೂ ಮುಟ್ಟದೆ ಇಟ್ಟು, ಇ-ಪುಸ್ತಕ ಮಾಡಿಕೊಂಡು, ಬೇರೆ ಫಾಂಟಿನಲ್ಲಿ ಮೊಬೈಲಿನಲ್ಲಿ ಓದುತ್ತೇನೆ. ಆ ಓದಿನಲ್ಲಿ ಒಂದಕ್ಷರವನ್ನೂ ತಿದ್ದದೆ ದೃಶ್ಯಪಟ್ಟಿ ಮಾತ್ರ ಬರೆದುಕೊಳ್ಳುತ್ತೇನೆ.

ಪಟ್ಟಿಯಲ್ಲಿ ದೃಶ್ಯದ ಸಂಖ್ಯೆ, ಯಾರ ಕಣ್ಣಿನಿಂದ ಕಾಣುತ್ತಿದೆ, ಎಲ್ಲಿ, ಯಾವ ದಿನ, ಆ ಪಾತ್ರಕ್ಕೆ ಬೇಕಾದದ್ದೇನು, ದೃಶ್ಯ ಮುಗಿಯುವಾಗ ಬದಲಾದದ್ದೇನು, ಎಷ್ಟು ಪದ ಎಂಬ ಅಂಕಣಗಳಿರುತ್ತವೆ. ‘ಬದಲಾದದ್ದೇನು’ ಎಂಬಲ್ಲಿ ಬರೆಯಲು ಏನೂ ಸಿಗದಿದ್ದರೆ ಆ ದೃಶ್ಯವನ್ನು ತೆಗೆಯಬೇಕು, ಇಲ್ಲವೇ ಪಕ್ಕದ್ದರ ಜೊತೆ ಸೇರಿಸಬೇಕು. ಒಂದೇ ಕೆಲಸ ಮಾಡುವ ಎರಡು ಮೂರು ದೃಶ್ಯಗಳೂ ಇಲ್ಲೇ ಸಿಕ್ಕಿಬೀಳುತ್ತವೆ. ಗೆಳತಿಯ ಮುಂದೆ ಅಳುವುದು, ಅಕ್ಕನ ಮುಂದೆ ಅಳುವುದು, ಒಬ್ಬಳೇ ಅಳುವುದು ಎಂದಿದ್ದರೆ ಒಂದು ಸಾಕು. ದಿನದ ಅಂಕಣವನ್ನು ಮೇಲಿಂದ ಕೆಳಗೆ ಓದಿದರೆ ಭಾನುವಾರ ತೆರೆದಿರುವ ಬ್ಯಾಂಕು, ಹನ್ನೊಂದು ತಿಂಗಳು ಎಳೆದ ಬಸುರು ಕಣ್ಣಿಗೆ ಬೀಳುತ್ತವೆ.

ಇದರ ಜೊತೆಗೆ ಇನ್ನೊಂದು ಹಾಳೆ ಬೇಕು: ಹೆಸರು, ವಯಸ್ಸು, ಗುರುತು, ಯಾರು ಯಾರಿಗೆ ‘ನೀನು’, ಯಾರಿಗೆ ‘ನೀವು’. ಮಾವನನ್ನು ಮೂರನೇ ಅಧ್ಯಾಯದಲ್ಲಿ ಬಹುವಚನದಲ್ಲಿ ಕರೆದ ಅಳಿಯ ಹದಿನಾಲ್ಕರಲ್ಲಿ ಏಕವಚನಕ್ಕಿಳಿದರೆ ಓದುಗ ಅದನ್ನು ಜಗಳವೆಂದೇ ತಿಳಿಯುತ್ತಾನೆ. ‘ಆಫೀಸು’ ಬೇಕೋ ‘ಆಫೀಸ್’ ಬೇಕೋ ಎಂಬುದೂ ಈ ಹಾಳೆಯಲ್ಲೇ ತೀರ್ಮಾನವಾಗಲಿ.

ಕಟ್ಟು ಗಟ್ಟಿಯಾದ ಮೇಲೆ ನಾಲ್ಕೈದು ಜನರಿಗೆ ಓದಲು ಕೊಡುತ್ತೇನೆ. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುವುದು. ಎಲ್ಲಿ ಓದು ನಿಲ್ಲಿಸಿದಿರಿ, ಯಾವ ಪುಟ ಹಾರಿಸಿದಿರಿ, ಯಾರ್‍ಯಾರನ್ನು ಅದಲುಬದಲು ಮಾಡಿಕೊಂಡಿರಿ, ಕೊನೆ ಯಾವಾಗ ಹೊಳೆಯಿತು ಎಂದು ಕೇಳಬೇಕು. ಮೂವರು ಒಂದೇ ಜಾಗದಲ್ಲಿ ಎಡವಿದರೆ ತೊಂದರೆ ಇರುವುದು ನಿಜ. ಅವರು ಸೂಚಿಸುವ ಮದ್ದು ಮಾತ್ರ ಹಲವು ಸಲ ಬೇರೆ ರೋಗದ್ದಾಗಿರುತ್ತದೆ. ಕೊನೆ ಸಪ್ಪೆ ಎಂದರೆ ತಪ್ಪು ಸಾಮಾನ್ಯವಾಗಿ ಅದಕ್ಕಿಂತ ಮುಂಚೆ, ಅಪಾಯವನ್ನು ಕಟ್ಟಬೇಕಿದ್ದ ಅಧ್ಯಾಯಗಳಲ್ಲಿರುತ್ತದೆ.

ವಾಕ್ಯದ ಕೆಲಸಕ್ಕೊಂದು ಮಾದರಿ. ‘ಅವನಿಗೆ ತುಂಬಾ ಕೋಪ ಬಂದಿತು. ಅವನು ಕೋಪದಿಂದ ಬಾಗಿಲನ್ನು ಜೋರಾಗಿ ಹಾಕಿದನು.’ ಕೋಪ ಎರಡು ಸಲ ಬಂದರೂ ಕಾಣಲಿಲ್ಲ. ‘ಅವನು ಬಾಗಿಲು ಹಾಕಿದ ರಭಸಕ್ಕೆ ಗೋಡೆಯ ಕ್ಯಾಲೆಂಡರು ಕಳಚಿ ಬಿತ್ತು.’ ಇಷ್ಟಾದರೆ ಆಯಿತು. ‘ಎಂದು ಸಿಟ್ಟಿನಿಂದ ನುಡಿದನು’ ಎಂಬಂಥ ಬಾಲಗಳನ್ನೂ, ‘ಅವಳಿಗೆ ಕೇಳಿಸಿತು’, ‘ಅವಳಿಗೆ ಅನಿಸಿತು’ ಎಂಬ ಪೀಠಿಕೆಗಳನ್ನೂ ತೆಗೆದು ನೋಡಿ, ಬಹುಪಾಲು ಕಡೆ ಏನೂ ಕಡಿಮೆಯಾಗುವುದಿಲ್ಲ. ‘ಇದ್ದಕ್ಕಿದ್ದಂತೆ’, ‘ಯಾಕೋ’, ‘ನಿಧಾನವಾಗಿ’ ಎಂದು ಹುಡುಕಿಸಿದರೆ ನಿಮ್ಮ ಚಟ ಯಾವುದೆಂದು ಗೊತ್ತಾಗುತ್ತದೆ.

ಸಂಪಾದಕರಿಗೆ ಹಣ ಕೊಡುವ ಮುಂಚೆ ನಾಲ್ಕೈದು ಪುಟ ತಿದ್ದಿಸಿ ನೋಡಬೇಕು. ಕಟ್ಟು ನೋಡುವವರು, ಭಾಷೆ ತಿದ್ದುವವರು, ಕರಡಚ್ಚು (ಅಚ್ಚಿಗೆ ಹೋಗುವ ಮುಂಚಿನ ಕೊನೆಯ ಪ್ರತಿ) ನೋಡುವವರು ಬೇರೆ ಬೇರೆ. ಒಬ್ಬರಿಗಷ್ಟೇ ಕೊಡಲು ಹಣವಿದ್ದರೆ, ನಿಮಗೆ ಯಾವುದು ಕಷ್ಟವೋ ಅದಕ್ಕೆ ಖರ್ಚು ಮಾಡಿ. ಕರಡಚ್ಚನ್ನು ಪುಟವಿನ್ಯಾಸ ಮುಗಿದ ಮೇಲೆಯೇ ನೋಡಬೇಕು. ಹಳೆಯ ಆಸ್ಕಿ ಫಾಂಟಿನಿಂದ ಈಗಿನ ಸಾರ್ವತ್ರಿಕ ಅಕ್ಷರಸಂಕೇತವಾದ ಯೂನಿಕೋಡಿಗೆ ಪರಿವರ್ತಿಸಿದ ಪಠ್ಯವಾದರೆ ಮೊದಲ ಪುಟದಿಂದ ಮತ್ತೆ ಓದಲೇಬೇಕು. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನ ತಪ್ಪುವುದುಂಟು. ಮೊಬೈಲು ಗಟ್ಟಿಯಾಗಿ ಓದಿ ಹೇಳುವಾಗ ಕೇಳಿಸಿಕೊಂಡರೆ ಕಣ್ಣು ತಪ್ಪಿಸಿದ ಪುನರಾವರ್ತನೆ ಕಿವಿಗೆ ಸಿಗುತ್ತದೆ.

ಪುಟಸಂಖ್ಯೆ ಖಾತ್ರಿಯಾಗದೆ ಮುದ್ರಿತ ಪ್ರತಿಯ ಮುಖಪುಟವನ್ನು ಅಂತಿಮಗೊಳಿಸಬೇಡಿ, ಬೆನ್ನಿನ ಅಗಲ ಅದರ ಮೇಲೆ ನಿಂತಿದೆ. ಲೇಖಕರೇ ಪುಸ್ತಕ ಪ್ರಕಟಿಸಲು ಅಮೆಜಾನ್ ನಡೆಸುವ ತಾಣವಾದ ಕೆಡಿಪಿಯ ಲೆಕ್ಕದಲ್ಲಿ ಕೆನೆಬಣ್ಣದ ಕಾಗದಕ್ಕೆ ಪುಟವೊಂದಕ್ಕೆ 0.0025 ಇಂಚು, 240 ಪುಟಕ್ಕೆ 0.6 ಇಂಚು. 40 ಪುಟ ಹೆಚ್ಚಾದರೆ 0.1 ಇಂಚು ಬದಲಾಗಿ ಬೆನ್ನಿನ ಮೇಲಿನ ಶೀರ್ಷಿಕೆ ಅಂಚಿಗೆ ಸರಿಯುತ್ತದೆ. ಕತ್ತರಿಸುವ ಅಂಚಿಗೆ 3.2 ಮಿಲಿಮೀಟರ್ ಹೆಚ್ಚುವರಿ ಬಿಡಬೇಕು. 151ರಿಂದ 300 ಪುಟದ ಪುಸ್ತಕಕ್ಕೆ ಒಳಬದಿಯ ಅಂಚು ಅರ್ಧ ಇಂಚಿಗೆ ಕಡಿಮೆ ಇರಬಾರದು. ಹೀಗೆ ಯಾವ ಜಾಲತಾಣವನ್ನೇ ಆರಿಸಿಕೊಂಡರೂ ನಿಮ್ಮ ಪುಸ್ತಕದ ಭಾಷೆಯನ್ನು ಅದು ತೆಗೆದುಕೊಳ್ಳುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ, ಎಲ್ಲವೂ ಎಲ್ಲ ಭಾಷೆಗಳನ್ನೂ ತೆಗೆದುಕೊಳ್ಳುವುದಿಲ್ಲ.

ಮಾರಾಟಕ್ಕೂ ಅದೇ ದೃಶ್ಯಪಟ್ಟಿ ಬೇಕು. ಬೆನ್ನುಡಿ ಬರೆಯಲು ಮೊದಲ ಕಾಲುಭಾಗದ ಸಾಲುಗಳನ್ನಷ್ಟೇ ತೆಗೆದುಕೊಳ್ಳುತ್ತೇನೆ: ಯಾರು, ಏನು ಬೇಕು, ಅಡ್ಡ ಏನಿದೆ, ಸೋತರೆ ಕಳೆದುಕೊಳ್ಳುವುದೇನು. ನೂರು ಪದದೊಳಗೆ ಮುಗಿಯಬೇಕು. ‘ಮನಮಿಡಿಯುವ’, ‘ಭಾವಪೂರ್ಣ’ ಎಂಬವು ಯಾವ ಪುಸ್ತಕಕ್ಕಾದರೂ ಅಂಟುತ್ತವೆ, ಆದ್ದರಿಂದ ಅವುಗಳಿಂದ ನಿಮ್ಮ ಪುಸ್ತಕ ಗುರುತಾಗುವುದಿಲ್ಲ. ಪರದೆಯ ಮೇಲೆ ಮೊದಲು ಕಾಣುವುದು ಎರಡು ಮೂರು ಸಾಲು, ಬಿಕ್ಕಟ್ಟು ಅಷ್ಟರಲ್ಲೇ ಬರಬೇಕು. ಕೆಡಿಪಿಯಲ್ಲಿ ಹುಡುಕುಪದಗಳಿಗೆ 7 ಖಾನೆಗಳಿವೆ. ಶೀರ್ಷಿಕೆಯಲ್ಲಿರುವ ಪದವನ್ನೇ ಅಲ್ಲಿ ತುಂಬುವುದು ವ್ಯರ್ಥ, ಬೇರೆ ಲೇಖಕರ ಹೆಸರು ಹಾಕುವುದು ನಿಯಮಬಾಹಿರ. ಅದರ ಸೆಲೆಕ್ಟ್ ಯೋಜನೆಗೆ ಸೇರಿದರೆ 90 ದಿನ ಇ-ಪುಸ್ತಕ ಬೇರೆಲ್ಲೂ ಇರುವಂತಿಲ್ಲ, ನಿಮ್ಮದೇ ತಾಣದಲ್ಲಿ ಉಚಿತವಾಗಿಯೂ ಕೂಡ. ಜಾಲತಾಣದಲ್ಲಿ ಧಾರಾವಾಹಿಯಾಗಿ ಹಾಕಿದ್ದನ್ನು ತೆಗೆಯದೆ ಸೇರಿದವರು ಸಿಕ್ಕಿಬೀಳುವುದು ಇಲ್ಲೇ.

ವಿಮರ್ಶೆಗಾಗಿ ಬಿಡುಗಡೆಗೆ ಒಂದು ತಿಂಗಳ ಮುಂಚೆ ಪ್ರತಿ ಕೊಡಿ. ಮನೆಯವರಿಂದ ಬರೆಸಿದ್ದು, ದುಡ್ಡು ಕೊಟ್ಟು ಬರೆಸಿದ್ದು ಎರಡನ್ನೂ ಅಮೆಜಾನ್ ನಿಷೇಧಿಸಿದೆ.

ಜಾಹೀರಾತಿನ ಅಂಕಿಗಳನ್ನು ಮೂರು ಹಂತದಲ್ಲಿ ಓದುತ್ತೇನೆ. ಸಾಕಷ್ಟು ಜನರಿಗೆ ಕಾಣಿಸಿದರೂ ಯಾರೂ ಒತ್ತುತ್ತಿಲ್ಲವಾದರೆ ದೋಷ ಮುಖಪುಟದ್ದು, ಅಥವಾ ತಪ್ಪು ಓದುಗರಿಗೆ ತೋರಿಸುತ್ತಿದ್ದೀರಿ. ಮುಖಪುಟವನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಹೆಸರು ಓದಲಾಗದಿದ್ದರೆ, ಅದು ಪತ್ತೇದಾರಿಯೋ ಪ್ರೇಮಕಥೆಯೋ ತಿಳಿಯದಿದ್ದರೆ ಉತ್ತರ ಸಿಕ್ಕಿತು. ಒತ್ತಿ ಒಳಗೆ ಬಂದವರು ಕೊಳ್ಳದೆ ಹೋದರೆ ಬೆನ್ನುಡಿ, ಬೆಲೆ, ಮಾದರಿ ಪುಟಗಳನ್ನು ನೋಡಬೇಕು. ಮಾದರಿಯಲ್ಲಿ ಅರ್ಪಣೆ, ಮುನ್ನುಡಿ, ಕೃತಜ್ಞತೆಗಳೇ ತುಂಬಿದ್ದರೆ ಕಥೆ ಶುರುವಾಗುವ ಮೊದಲೇ ಮಾದರಿ ಮುಗಿದಿರುತ್ತದೆ. ಇ-ಪುಸ್ತಕದಲ್ಲಿ ಕೃತಜ್ಞತೆಯನ್ನು ಹಿಂದಕ್ಕೆ ಹಾಕಿ. ಕೊಂಡವರು ಮುಂದಿನ ಪುಸ್ತಕಕ್ಕೆ ಬರುತ್ತಿಲ್ಲವಾದರೆ ಕೊನೆಯ ಅಧ್ಯಾಯವನ್ನೇ ಮತ್ತೆ ಓದಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲವಾದರೆ ಯಾವುದು ಫಲಿಸಿತೆಂದು ಗೊತ್ತಾಗುವುದಿಲ್ಲ. ಇರುವುದು ಒಂದೇ ಪುಸ್ತಕವಾದರೆ ಜಾಹೀರಾತಿನ ಖರ್ಚು ಹುಟ್ಟುವುದು ಅಪರೂಪ, ಆ ಹಣ ಎರಡನೆಯ ಪುಸ್ತಕವನ್ನು ತಿದ್ದಿಸಲು ಹೋಗಲಿ ಎಂಬುದು ನನ್ನ ಮತ.

ಕಥೆಯ ಕೊನೆಯ ಸಾಲಿನ ಮರುಪುಟದಲ್ಲೇ ಇಮೇಲ್ ಪಟ್ಟಿಯ ಕೊಂಡಿ, ಮುಂದಿನ ಪುಸ್ತಕದ ಮೊದಲ ದೃಶ್ಯ ಇರಲಿ. ಓದುಗರು ತೋರಿಸುವ ಅಚ್ಚಿನ ತಪ್ಪುಗಳನ್ನು ಒಂದು ಕಡತದಲ್ಲಿ ಗುಡ್ಡೆ ಹಾಕಿ, ಆಗಾಗ ಒಟ್ಟಿಗೆ ತಿದ್ದಿ ಮತ್ತೆ ಏರಿಸಿ. ಅಕ್ಷರದೋಷ ತಿದ್ದಿದ್ದಕ್ಕೆ ಪುಸ್ತಕಕ್ಕೆ ಹೊಸ ಗುರುತುಸಂಖ್ಯೆ, ಅಂದರೆ ಐಎಸ್‌ಬಿಎನ್ ಬೇಡ. ಕಥೆಯನ್ನೇ ಗಣನೀಯವಾಗಿ ಬದಲಿಸಿದರೆ ಅದು ಹೊಸ ಆವೃತ್ತಿ, ಆಗ ಹೊಸ ಸಂಖ್ಯೆ ಬೇಕೇ ಬೇಕು.