ಸೀಲ್ ಒಡೆಯಬೇಕಾ, ಹಾಗೇ ಇಡಬೇಕಾ? ಮಳೆ ಊರಿನ ಸಿನಿಮಾ ಸಂಗ್ರಹಕಾರರಿಗೆ

ಓಟಿಟಿಯಲ್ಲಿ ಎಲ್ಲವೂ ಸಿಗುವ ಈ ಕಾಲದಲ್ಲೂ ಸಿನಿಮಾ ಡಿಸ್ಕ್ ಕೊಳ್ಳುವವರು ನಮ್ಮ ಚಿಕ್ಕಮಗಳೂರಿನ ಕಡೆ ಇದ್ದಾರೆ. ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎನ್ನುವುದು ಕೆಲವರ ಕಾರಣ. ಇಷ್ಟದ ಸಿನಿಮಾ ಓಟಿಟಿಯಿಂದ ಹೇಳದೆ ಕೇಳದೆ ಮಾಯವಾಗುತ್ತೆ ಎನ್ನುವುದು ಇನ್ನು ಕೆಲವರ ಸಿಟ್ಟು. ಮತ್ತೆ ಕೆಲವರಿಗೆ ಡಬ್ಬಿಯ ಮೇಲೇ ಮೋಹ. ಸ್ಟೀಲ್‌ಬುಕ್ ಎಂಬ ಲೋಹದ ಡಬ್ಬಿ, ಅದಕ್ಕೊಂದು ರಟ್ಟಿನ ಹೊರಕವಚ, ಒಳಗೊಂದು ಪುಟ್ಟ ಪುಸ್ತಕ. ಇಂಥವಕ್ಕೆ ಸಾವಿರಾರು ರೂಪಾಯಿ ಕೊಟ್ಟು ತರಿಸುತ್ತಾರೆ. ಪಾರ್ಸೆಲ್ ಕೈಗೆ ಬಂದ ಕೂಡಲೇ ಪ್ರಶ್ನೆ ಶುರು: ಮೇಲಿನ ಪ್ಲಾಸ್ಟಿಕ್ ಸೀಲ್ ಒಡೆಯಬೇಕಾ, ಹಾಗೇ ಇಡಬೇಕಾ?

ಹೊರದೇಶದ ಸಂಗ್ರಹಕಾರರು ಇದನ್ನು ಬೆಲೆಯ ಲೆಕ್ಕದಲ್ಲಿ ವಾದಿಸುತ್ತಾರೆ. ಸೀಲ್ ಇದ್ದರೆ ಮರುಮಾರಾಟದಲ್ಲಿ ಜಾಸ್ತಿ ಸಿಗುತ್ತದೆ, ನಿಜ. ಆದರೆ ಮೃಗಶಿರಾದಿಂದ ಆಶ್ಲೇಷಾ ಮಳೆಯ ತನಕ ಬಟ್ಟೆ ಒಣಗದ ಊರಿನಲ್ಲಿ ಮೊದಲು ನೋಡಬೇಕಾದ್ದು ತೇವ, ಆಮೇಲೆ ಬೆಲೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಲೆನಾಡಿನವರು ಒಡೆಯಿರಿ, ಪರೀಕ್ಷೆ ಮಾಡಿ, ಸರಿಯಾಗಿ ಎತ್ತಿಡಿ. ವಿನಾಯಿತಿ ಕೆಲವೇ ಡಬ್ಬಿಗಳಿಗೆ. ಯಾವುದಕ್ಕೆ, ಹೇಗೆ ಎಂದು ಒಂದೊಂದಾಗಿ ನೋಡೋಣ.

ಹಂತ 1: ಮನೆಯ ತೇವ ಅಳೆಯಿರಿ

ಕಡೂರು, ಅರಸೀಕೆರೆ ಕಡೆಯವರಿಗೂ ಕೊಪ್ಪ, ಶೃಂಗೇರಿ, ಮೂಡಿಗೆರೆ, ಸಕಲೇಶಪುರದವರಿಗೂ ಒಂದೇ ಸಲಹೆ ಕೊಡಲು ಬರುವುದಿಲ್ಲ. ಬಯಲುಸೀಮೆಯ ಒಣ ಮನೆಯಲ್ಲಿ ಸೀಲ್ ಮಾಡಿದ ಡಬ್ಬಿ ವರ್ಷಗಟ್ಟಲೆ ಸುಮ್ನೆ ಕೂತಿರಬಹುದು. ಘಟ್ಟದ ಅಂಚಿನ ಮನೆಯಲ್ಲಿ ಹಾಗಲ್ಲ.

ಹೈಗ್ರೋಮೀಟರ್ ಎಂಬ ಸಣ್ಣ ಉಪಕರಣ ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಗಾಳಿಯ ತೇವಾಂಶ ತೋರಿಸುತ್ತದೆ. (ಕಾಫಿ ಬೀಜಕ್ಕೆ ಹಿಡಿಯುವ ಮಾಯಿಶ್ಚರ್ ಮೀಟರ್ ಇಲ್ಲಿ ಕೆಲಸಕ್ಕೆ ಬಾರದು. ಅದು ಬೀಜದ ಒಳಗಿನ ತೇವ ಅಳೆಯುವುದು.) ಡಿಸ್ಕ್ ಇಡುವ ಕಪಾಟಿನ ಒಳಗೇ ಅದನ್ನು ಇಡಿ. ಹಾಲ್‌ನಲ್ಲಿಟ್ಟು ನೋಡಿದರೆ ಪ್ರಯೋಜನವಿಲ್ಲ.

ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ನಿಸ್ಟ್ 2003ರಲ್ಲಿ ಡಿಸ್ಕ್ ಕಾಪಾಡುವುದು ಹೇಗೆ ಎಂದು ಒಂದು ಮಾರ್ಗದರ್ಶಿ ತಂದಿತು. ಅದರ ಪ್ರಕಾರ ತೇವಾಂಶ ಶೇ 20ರಿಂದ 50, ಉಷ್ಣತೆ 4ರಿಂದ 20 ಡಿಗ್ರಿ ಇರಬೇಕು. ನಮ್ಮ ಮನೆಗಳಲ್ಲಿ ಅಷ್ಟು ಕಟ್ಟುನಿಟ್ಟು ಆಗದ ಮಾತು. ಶೇ 50ರ ಆಸುಪಾಸು ಇದ್ದರೆ ಖುಷಿಪಡಿ. ಶೇ 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಬಾಗಿಲು ತೆರೆದ ಹಾಗೆಯೇ.

'ಸೀಲ್ ಇದೆಯಲ್ಲ, ಗಾಳಿಯೇ ಹೋಗುವುದಿಲ್ಲ' ಎಂದು ಬಹಳ ಜನ ನಂಬಿದ್ದಾರೆ. ಆ ತೆಳು ಹಾಳೆ ಗಾಳಿಯನ್ನು ತಡೆಯುವುದಕ್ಕೆ ಮಾಡಿದ್ದಲ್ಲ. ಅಂಗಡಿಯಲ್ಲಿ ಯಾರೂ ತೆಗೆದು ನೋಡದಿರಲಿ, ದೂಳು ಕೂರದಿರಲಿ ಎಂದು ಹಾಕಿದ್ದು. ಮಡಿಕೆಗಳಲ್ಲಿ ಸಂದು ಇರುತ್ತದೆ. ಎಷ್ಟೋ ಸಲ ಗಾಳಿ ಹೋಗಲೆಂದು ಸೂಜಿ ಮೊನೆಯಷ್ಟು ತೂತುಗಳನ್ನೂ ಬಿಟ್ಟಿರುತ್ತಾರೆ. ಮಳೆಗಾಲವಿಡೀ ತೇವ ನಿಧಾನಕ್ಕೆ ಒಳಗೆ ಸೇರುತ್ತದೆ, ಹೊರಗೆ ಹೋಗುವುದೂ ಅಷ್ಟೇ ನಿಧಾನ. ಒಳಗಿನ ರಟ್ಟು, ಪುಸ್ತಕ ಅದನ್ನು ಹೀರಿಕೊಂಡು ಕೂರುತ್ತವೆ. ಒಳಗೇನಾಗುತ್ತಿದೆ ಎಂದು ನಿಮಗೆ ಕಾಣುವುದೂ ಇಲ್ಲ.

ಹಂತ 2: ಯಾವುದನ್ನು ಬಿಡಬೇಕು, ಯಾವುದನ್ನು ಒಡೆಯಬೇಕು

2022ರ ಜೂನ್‌ನಲ್ಲಿ ಅಮೆರಿಕದ ಹೆರಿಟೇಜ್ ಆಕ್ಷನ್ಸ್ ಹರಾಜಿನಲ್ಲಿ 'ಬ್ಯಾಕ್ ಟು ದ ಫ್ಯೂಚರ್' ಸಿನಿಮಾದ ಸೀಲ್ ಒಡೆಯದ ವಿಎಚ್‌ಎಸ್ ಕ್ಯಾಸೆಟ್ 75,000 ಡಾಲರ್‌ಗೆ ಹೋಯಿತು. ಆ ಸುದ್ದಿ ಓದಿ ಸೀಲ್ ಮುಟ್ಟದೆ ಕೂತವರು ಬಹಳ. ಆದರೆ ಅದು 1986ರ ಮೊದಲ ಬಿಡುಗಡೆಯ ಪ್ರತಿ. ಮೇಲಾಗಿ ಅದೇ ಸಿನಿಮಾದಲ್ಲಿ ನಟಿಸಿದ ಟಾಮ್ ವಿಲ್ಸನ್ ಅವರ ಸ್ವಂತದ್ದು. ಆ ಕಾಲದಲ್ಲಿ ಕ್ಯಾಸೆಟ್ ತಂದವರು ನೋಡುವುದಕ್ಕೇ ತಂದರು. ಹಾಗಾಗಿ ಸೀಲ್ ಇರುವುದು ಅಪರೂಪ. ಇವತ್ತಿನ ಸ್ಟೀಲ್‌ಬುಕ್ ಕೊಳ್ಳುವವರಲ್ಲಿ ಎಷ್ಟೋ ಜನ ಸೀಲ್ ಸಮೇತವೇ ಎತ್ತಿಡುತ್ತಾರೆ. ಎಲ್ಲರ ಬಳಿಯೂ ಇರುವುದು ಅಪರೂಪ ಹೇಗಾದೀತು? ಅದರ ಮೇಲೆ ಕಂಪನಿಯವರು ಅದೇ ಸಿನಿಮಾವನ್ನು ಹೊಸ ಡಬ್ಬಿಯಲ್ಲಿ ಮತ್ತೆ ತರುತ್ತಾರೆ. ಹಳೆಯದರ ಬೆಲೆ ಇಳಿಯುತ್ತದೆ.

ನನ್ನ ಪ್ರಕಾರ ಸೀಲ್ ಉಳಿಸಬೇಕಾದವು ಮೂರು ಬಗೆ. ನಿಮ್ಮ ಬಳಿ ಎರಡು ಪ್ರತಿ ಇದ್ದರೆ, ಎರಡನೆಯದು. ಕಾರ್ಖಾನೆಯ ಸೀಲ್ ಇರುವ ಹಳೇ ವಿಎಚ್‌ಎಸ್. ಮತ್ತೆ, ಸದ್ಯದಲ್ಲೇ ಮಾರುವುದು ಖಚಿತ ಎಂದು ತಂದ ಪ್ರತಿ. ಉಳಿದಿದ್ದೆಲ್ಲ ಒಡೆಯುವುದಕ್ಕೇ.

ಹಳೇ ವಿಸಿಡಿ, ಡಿವಿಡಿಗಳ ಮಾತೇ ಬೇರೆ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಗೆ 28, ಡಿವಿಡಿಗೆ 34 ರೂಪಾಯಿಯಂತೆ ಭಾರತೀಯ ಭಾಷೆಗಳ ಸಿನಿಮಾಗಳನ್ನು ಮಾರುಕಟ್ಟೆಗೆ ಸುರಿಯಿತು. ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಗಳಲ್ಲೂ ಸಿಗುತ್ತಿದ್ದವು. ಅವುಗಳಲ್ಲಿ ಸೀಲ್ ಒಡೆಯದ ಪ್ರತಿ ನಿಮ್ಮ ಮನೆಯ ಅಟ್ಟದಲ್ಲಿದ್ದರೆ ಲಕ್ಷ ಬರುತ್ತದೆ ಎಂದು ಕಾಯಬೇಡಿ. ಆದರೆ ಎಷ್ಟೋ ಹಳೆಯ ಕನ್ನಡ ಸಿನಿಮಾಗಳ ಒಳ್ಳೆಯ ಪ್ರತಿ ಎಲ್ಲೂ ಸಿಗುವುದಿಲ್ಲ. ಆ ಡಿಸ್ಕ್ ಓಡುತ್ತದೆಯೇ ಎಂದು ಇವತ್ತೇ ನೋಡಿ. ಇಲ್ಲಿ ಸೀಲ್‌ಗೆ ಬೆಲೆ ಇಲ್ಲ, ಒಳಗಿನ ಸಿನಿಮಾಕ್ಕೆ ಇದೆ.

ಹಂತ 3: ಸೀಲ್ ಅಸಲಿಯಾ ನೋಡಿ

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಮಾತ್ರ ಈ ಹಂತ. ಪ್ಲಾಸ್ಟಿಕ್ ರೋಲ್ ಮತ್ತು ಬಿಸಿಗಾಳಿ ಗನ್ ಇದ್ದರೆ ಯಾರು ಬೇಕಾದರೂ ಮತ್ತೆ ಸೀಲ್ ಮಾಡಬಹುದು. ಕಾರ್ಖಾನೆಯಲ್ಲಿ ಸುತ್ತಿದ ಹಾಳೆಗೆ ಸಾಮಾನ್ಯವಾಗಿ ಮೇಲೆ, ಕೆಳಗೆ ಲಕೋಟೆಯ ಹಾಗೆ ನೀಟಾದ ಮಡಿಕೆ ಇರುತ್ತದೆ. ಕೈಯಲ್ಲಿ ಮಾಡಿದ್ದರಲ್ಲಿ ಮೂಲೆಗಳು ಕರಗಿ ಗಂಟಾಗಿರುತ್ತವೆ, ಬದಿಯಲ್ಲಿ ಉದ್ದಕ್ಕೆ ಬೆಸುಗೆ ಗೆರೆ ಕಾಣುತ್ತದೆ. ಕೆಲವು ಕಾರ್ಖಾನೆಗಳೂ ಹೀಗೆ ಮಾಡುವುದುಂಟು. ಅದಕ್ಕೇ ಅದೇ ಕಂಪನಿಯ ಇನ್ನೊಂದು ಡಬ್ಬಿ ಪಕ್ಕದಲ್ಲಿಟ್ಟು ಹೋಲಿಸಿ.

ಹಂತ 4: ಒಡೆಯುವ ಮುಂಚೆ

ಹಿಂಬದಿಯ ರೀಜನ್ ಗುರುತು ನೋಡಿ, ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರ್‌ಗೆಂದು ಮಾಡಿದ್ದು ಎಂಬ ಗುರುತು. ಭಾರತದ ಡಿವಿಡಿ ರೀಜನ್ 5, ಅಮೆರಿಕದ್ದು 1. ಬ್ಲೂ-ರೇಯಲ್ಲಿ ನಮ್ಮದು ಸಿ, ಅಮೆರಿಕದ್ದು ಎ, ಯುರೋಪಿನದು ಬಿ. ನಿಮ್ಮ ಪ್ಲೇಯರ್‌ನಲ್ಲಿ ಓಡದ ರೀಜನ್ ಬಂದಿದ್ದರೆ ಸೀಲ್ ಇರುವಾಗಲೇ ವಾಪಸ್ ಕಳಿಸುವುದು ಸುಲಭ. 4ಕೆ ಡಿಸ್ಕ್‌ಗಳಿಗೆ ಈ ತಲೆನೋವಿಲ್ಲ. ಆದರೆ ಜೊತೆಗೆ ಬರುವ ಸಾದಾ ಬ್ಲೂ-ರೇಗೆ ಇರಬಹುದು.

ಡಬ್ಬಿಯನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲುಗಾಡಿಸಿ. ಲೊಟಲೊಟ ಸದ್ದು ಬಂದರೆ ಡಿಸ್ಕ್ ದಾರಿಯಲ್ಲೇ ಕಳಚಿಕೊಂಡಿದೆ. ಸಡಿಲ ಡಿಸ್ಕ್ ಒಳಗೇ ಉಜ್ಜಿಕೊಂಡು ಗೀರು ಬೀಳುತ್ತದೆ. ಇಂಥದ್ದನ್ನು ಸೀಲ್ ಸಮೇತ ಕಪಾಟಿನಲ್ಲಿ ಇಡುವುದು ಹುಚ್ಚು. ಮೊಬೈಲನ್ನು ಯಾವುದಕ್ಕಾದರೂ ಒರಗಿಸಿಟ್ಟು, ಪಾರ್ಸೆಲ್ ಬಿಚ್ಚುವುದರಿಂದ ಡಿಸ್ಕ್ ತೆಗೆಯುವ ತನಕ ನಡುವೆ ನಿಲ್ಲಿಸದೆ ವಿಡಿಯೋ ಮಾಡಿ. ಬದಲಿ ಕೇಳುವಾಗ ಮಾರಾಟಗಾರರು ಮೊದಲು ಕೇಳುವುದೇ ಅದನ್ನು. ಮೂರು ವರ್ಷ ಬಿಟ್ಟು ಒಡೆದು 'ಎರಡನೇ ಡಿಸ್ಕ್ ಇಲ್ಲ' ಎಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಹಂತ 5: ಒಡೆಯುವುದು

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಮೇಜಿನ ಮೇಲೆ ಮೆತ್ತನೆ ಬಟ್ಟೆ ಹಾಸಿ. ಬ್ಲೇಡ್, ಚಾಕು ದೂರ ಇಡಿ. ಸ್ಟೀಲ್‌ಬುಕ್‌ನ ಬಣ್ಣಕ್ಕೆ ಒಂದು ಗೀರು ಬಿದ್ದರೆ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.

ಮೇಲಿನ ಅಥವಾ ಕೆಳಗಿನ ಅಂಚಿನಲ್ಲಿ ಹಾಳೆಯ ಮಡಿಕೆ ಹುಡುಕಿ. ಅಲ್ಲಿ ಉಗುರಿನಿಂದ ಎತ್ತಿ, ಡಬ್ಬಿಯಿಂದ ಆಚೆಗೆ ಎಳೆಯಿರಿ. ಬಿಗಿಯಾಗಿದ್ದರೆ ಡಬ್ಬಿ ಬಾಯಿ ತೆರೆಯುವ ಬದಿಯ ಸಂದಿನಲ್ಲಿ ಪ್ಲಾಸ್ಟಿಕ್ ಚಮಚದ ಹಿಡಿಯ ತುದಿಯಿಂದ ಸೀಳಿ. ಹಾಳೆಯ ಮೇಲೆ ಪ್ರಚಾರದ ಸ್ಟಿಕ್ಕರ್ ಇದ್ದರೆ ಅದರ ಸುತ್ತ ಹಾಳೆ ಕತ್ತರಿಸಿ ಒಳಗೆ ಇಟ್ಟುಕೊಳ್ಳಿ. ಮುಂದೆ ಮಾರಿದರೆ ಕೊಳ್ಳುವವರು ಅದನ್ನೂ ಕೇಳುತ್ತಾರೆ.

ಒಂದೇ ಬದಿ ಸೀಳಿ, ಉಳಿದ ಹಾಳೆ ಹಾಗೇ ಬಿಡುವ ರೂಢಿ ಗ್ರಾಮಫೋನ್ ರೆಕಾರ್ಡ್ ಕೊಳ್ಳುವವರಿಂದ ಬಂದಿದೆ. ನನಗೆ ಒಪ್ಪಿಗೆಯಿಲ್ಲ. ಬಿಸಿಗೆ ಕುಗ್ಗಿ ಬಿಗಿಯಾಗಿ ಕೂರುವ ಈ ಶ್ರಿಂಕ್ ಹಾಳೆ ವರ್ಷ ಕಳೆದಂತೆ ಇನ್ನಷ್ಟು ಬಿಗಿಯಾಗಿ ರಟ್ಟನ್ನು ಬಗ್ಗಿಸುತ್ತದೆ. ತೆಗೆದರೆ ಪೂರ್ತಿ ತೆಗೆಯಿರಿ.

ಸ್ಟೀಲ್‌ಬುಕ್ ಹಿಂದೆ ಮಾಹಿತಿಯ ಕಾಗದವೊಂದನ್ನು ಅಂಟಿನ ಚುಕ್ಕೆಯಿಂದ ಕೂರಿಸಿರುತ್ತಾರೆ. ಜಗ್ಗಬೇಡಿ. ಹೇರ್ ಡ್ರೈಯರ್‌ನ ಹದ ಬಿಸಿ ಕೆಲವು ಸೆಕೆಂಡ್ ತಾಗಿಸಿದರೆ ಬಿಟ್ಟುಕೊಳ್ಳುತ್ತದೆ. ಉಳಿದ ಅಂಟನ್ನು ಹೆಬ್ಬೆರಳಿನಿಂದ ಉರುಳಿಸಿ ತೆಗೆಯಿರಿ. ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ರಿಮೂವರ್ ಬೇಡವೇ ಬೇಡ. ಅಂಟಿನ ಜೊತೆ ಬಣ್ಣವೂ ಹೋಗುತ್ತದೆ.

ಹಂತ 6: ಡಿಸ್ಕ್ ಪರೀಕ್ಷೆ

ಒಡೆಯಿರಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ. ಡಿಸ್ಕ್ ತಾನಾಗಿಯೇ ಹಾಳಾಗುತ್ತದೆ, ಸೀಲ್ ಒಳಗಿದ್ದರೂ ಹಾಳಾಗುತ್ತದೆ. ಹೊಳೆಯುವ ಅಲ್ಯೂಮಿನಿಯಂ ಪದರಕ್ಕೆ ಗಾಳಿ, ತೇವ ತಾಗಿದರೆ, ಅಥವಾ ಪದರಗಳ ನಡುವಿನ ಅಂಟು ಕೆಟ್ಟರೆ, ಅಲ್ಲಿಗೆ ಮುಗಿಯಿತು. ವಾರ್ನರ್ ಬ್ರದರ್ಸ್‌ನಂಥ ದೊಡ್ಡ ಕಂಪನಿಯೇ 2006ರಿಂದ 2008ರ ನಡುವೆ ತಯಾರಾದ ತನ್ನ ಕೆಲವು ಡಿವಿಡಿಗಳು ಕೆಟ್ಟಿವೆ ಎಂದು 2025ರಲ್ಲಿ ಒಪ್ಪಿಕೊಂಡಿತು. ಅವು ಬಳಸಿ ಸವೆದವಲ್ಲ. ಕಪಾಟಿನಲ್ಲಿ ಇದ್ದಲ್ಲೇ ಕೆಟ್ಟಂಥವು.

ಯಾವ ಡಿಸ್ಕ್‌ಗೆ ಯಾವ ಬದಿ ಸೂಕ್ಷ್ಮ ಎಂದು ಗೊತ್ತಿರಲಿ. ಸಿಡಿ ಮತ್ತು ವಿಸಿಡಿಯಲ್ಲಿ ಮಾಹಿತಿಯ ಪದರ ಲೇಬಲ್‌ನ ಕೆಳಗೇ, ತೆಳು ಲ್ಯಾಕರ್ ಅಡಿ ಇರುತ್ತದೆ. ಚಿತ್ರ ಇರುವ ಬದಿಗೆ ಏನೂ ಆಗುವುದಿಲ್ಲ ಎಂದುಕೊಂಡು ಅದನ್ನೇ ಕೆಳಗೆ ಮಾಡಿ ಮೇಜಿನ ಮೇಲೆ ಇಡುತ್ತೇವೆ. ಅದೇ ತಪ್ಪು. ಡಿವಿಡಿ ಅಂದರೆ 0.6 ಮಿಲಿಮೀಟರ್‌ನ ಎರಡು ತಟ್ಟೆ ಅಂಟಿಸಿದ್ದು. ಮಾಹಿತಿ ನಡುವೆ ಸುರಕ್ಷಿತ, ಆದರೆ ಅಂಟನ್ನು ನಂಬಬೇಕು. ಡಿವಿಡಿಯನ್ನು ಬಗ್ಗಿಸಿ ಕೀಳಬಾರದು ಎನ್ನುವುದು ಇದಕ್ಕೇ. ಬ್ಲೂ-ರೇಯಲ್ಲಿ ಮಾಹಿತಿ ಓದುವ ಬದಿಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ. ಮೇಲೊಂದು ಗಟ್ಟಿ ಲೇಪನ ಇರುವುದರಿಂದ ಬಚಾವು.

ಡಿಸ್ಕ್ ತೆಗೆಯುವಾಗ ನಡುವಿನ ಗುಂಡಿ ಒತ್ತಿ, ಅಂಚು ಹಿಡಿದು ಎತ್ತಿ. ನಡುತೂತಿನ ಸುತ್ತ ಬಿರುಕು ಇದೆಯಾ ನೋಡಿ. ಬಲ್ಬಿನ ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದಂಥ ಚುಕ್ಕೆಗಳು, ಮಂಕು ಕಲೆ, ಕಂಚಿನ ಬಣ್ಣ ಕಾಣಬಹುದು. ಅದು ಕೆಡುವಿಕೆಯ ಗುರುತು.

ಆಮೇಲೆ ಓಡಿಸಿ. ಹೆಸರು ಬರುವ ತನಕ ನೋಡಿ 'ಸರಿ ಇದೆ' ಎನ್ನಬೇಡಿ. ಡಿಸ್ಕ್ ಓದು ಒಳಗಿನಿಂದ ಹೊರಗೆ ಸಾಗುತ್ತದೆ, ಕೆಡುವುದು ಹೆಚ್ಚಾಗಿ ಹೊರ ಅಂಚಿನಿಂದ. ಒಂದು ಪದರದ ಡಿಸ್ಕ್ ತುಂಬಿದ್ದರೆ ಸಿನಿಮಾದ ಕೊನೆ ಭಾಗ ಅಲ್ಲಿರುತ್ತದೆ. ಎರಡು ಪದರದ ಡಿವಿಡಿಯಲ್ಲಿ ಓದು ಹೊರ ಅಂಚಿಗೆ ಹೋಗಿ ಎರಡನೇ ಪದರದಲ್ಲಿ ಒಳಗೆ ತಿರುಗುವುದರಿಂದ ಸಿನಿಮಾದ ನಡುಭಾಗ ಅಲ್ಲಿ ಬರುತ್ತದೆ. ಶುರು, ಇಂಟರ್‌ವಲ್ ಹತ್ತಿರ, ಕ್ಲೈಮ್ಯಾಕ್ಸ್ ಮೂರೂ ಕಡೆ ಹತ್ತು ಹತ್ತು ನಿಮಿಷ ನೋಡಿ. ಪೂರ್ತಿ ಸಿನಿಮಾ ನೋಡಿದರೂ ತಪ್ಪೇನಿಲ್ಲ ಬಿಡಿ. ಅದಕ್ಕೇ ತಾನೇ ದುಡ್ಡು ಕೊಟ್ಟಿದ್ದು.

ಹಂತ 7: ಎತ್ತಿಡುವುದು

ಡಬ್ಬಿಗಳನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಕಪಾಟು ಮಳೆ ಹೊಡೆಯುವ ಹೊರಗೋಡೆಗೆ ತಾಗದಿರಲಿ, ನಾಲ್ಕು ಬೆರಳು ಜಾಗ ಬಿಡಿ. ಅಡುಗೆಮನೆ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಅಲ್ಲಿಗೆ ಏರಿಸಬೇಡಿ. ಹೊಗೆ, ಎಣ್ಣೆ ಜಿಡ್ಡು ಕೂರುತ್ತದೆ. ಮಳೆ ಬಿಟ್ಟ ದಿನ ಕಣದಲ್ಲಿ ಕಾಫಿ ಹರಡಿದಂತೆ ಬಿಸಿಲಿಗೆ ಹರಡುವುದೂ ಬೇಡ, ಡಿಸ್ಕ್ ಸೊಟ್ಟಗಾಗಬಹುದು.

ಹೊರಗೆ ಹಾಕುವ ಪಾರದರ್ಶಕ ಕವರ್ ಪಾಲಿಪ್ರೊಪಿಲೀನ್ ಅಥವಾ ಪೆಟ್ (ಪಿಇಟಿ) ಪ್ಲಾಸ್ಟಿಕ್‌ನದ್ದಾಗಿರಲಿ. ಪಿವಿಸಿ ಕವರ್ ದಿನ ಕಳೆದಂತೆ ಮುದ್ರಣಕ್ಕೆ ಅಂಟಿಕೊಳ್ಳುತ್ತದೆ. ಬಟ್ಟೆ ಬೀರುವಿಗೆ ಹಾಕುವ ನುಸಿ ಗುಳಿಗೆ ಇಲ್ಲಿ ಹಾಕಬಾರದು. ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗಾಗಿಸುತ್ತದೆ. ಹಳೇ ಸಿಡಿ ಡಬ್ಬಿಯ ಪಾಲಿಸ್ಟೈರೀನ್ ಅಂಥದ್ದೇ.

ತೇವ ಹೀರಲು ಸಿಲಿಕಾ ಜೆಲ್ ಸಾಕು. ಅದನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಡಿಸ್ಕ್‌ಗಳ ಜೊತೆ ಇಡಬೇಕು. ತೆರೆದ ಕಪಾಟಿನಲ್ಲಿಟ್ಟರೆ ಇಡೀ ಮನೆಯ ತೇವ ಹೀರಿ ಎರಡೇ ದಿನಕ್ಕೆ ಸೋಲುತ್ತದೆ. ಬಣ್ಣ ಬದಲಾಯಿಸುವ ಹರಳು ತಂದರೆ ಕಿತ್ತಳೆ ಬಣ್ಣದ್ದು ತನ್ನಿ. ನೀಲಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಹರಳು ಬಣ್ಣ ಬಿಟ್ಟ ಮೇಲೆ ಓವನ್‌ನಲ್ಲಿ 120 ಡಿಗ್ರಿಯಷ್ಟು ಬಿಸಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಅಡುಗೆ ಪಾತ್ರೆಯಲ್ಲಿ ಹುರಿಯಬೇಡಿ. ಅಕ್ಕಿ ಗಂಟು ಕಟ್ಟಿ ಇಡುವವರಿದ್ದಾರೆ, ಅದಕ್ಕೆ ಹುಳ ಬರುತ್ತದೆ ಅಷ್ಟೇ.

ಸೀಲ್ ಉಳಿಸಿಕೊಂಡ ಆ ಕೆಲವು ಡಬ್ಬಿಗಳನ್ನೂ ಇದೇ ಡಬ್ಬದಲ್ಲಿ ಇಡಿ. ದಸರಾ ಹೊತ್ತಿಗೆ ಒಮ್ಮೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಹಾಳೆಯೊಳಗೆ ಬಿಳಿ ಚುಕ್ಕೆ, ಅಂಚಿನಲ್ಲಿ ತುಕ್ಕು ಕಂಡರೆ ಬೆಲೆಯ ಆಸೆ ಬಿಟ್ಟು ಆವತ್ತೇ ಒಡೆಯಿರಿ. ಮೂಗಿಗೆ ಮಾಸ್ಕ್ ಹಾಕಿ ಮನೆ ಹೊರಗೆ ಕೂತು ಮಾಡಿ. ಬೂಷ್ಟು ಹಿಡಿದ ಡಿಸ್ಕ್ ಅನ್ನು ಒಂದು ಹನಿ ಪಾತ್ರೆ ಸೋಪು ಹಾಕಿದ ನೀರಿನಲ್ಲಿ ತೊಳೆದು, ಮೆತ್ತನೆ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆ ನೇರಕ್ಕೆ ಒರೆಸಿ. ಸುತ್ತಿ ಸುತ್ತಿ ಒರೆಸಬಾರದು. ರಟ್ಟು, ಪುಸ್ತಕ ಮೊದಲು ನೆರಳಿನಲ್ಲಿ ಒಣಗಲಿ, ಆಮೇಲೆ ಬ್ರಷ್. ವಿಎಚ್‌ಎಸ್ ಕ್ಯಾಸೆಟ್‌ನ ಕಿಟಕಿಯಲ್ಲಿ ಟೇಪಿನ ಮೇಲೆ ಬಿಳಿ ಕಂಡರೆ ವಿಸಿಆರ್‌ಗೆ ಹಾಕಲೇಬೇಡಿ. ಬೂಷ್ಟು ಯಂತ್ರದ ಹೆಡ್‌ಗೆ ಅಂಟಿ, ಅಲ್ಲಿಂದ ನೀವು ಮುಂದೆ ಹಾಕುವ ಕ್ಯಾಸೆಟ್‌ಗೂ ಹೋಗುತ್ತದೆ.