ಕರಿ ನಾಯಿ ಕರಿಯಾಗೇ ಇರಲಿ

ಮದುವೆ ಆಲ್ಬಮ್ ಮಾಡಿ ಪಳಗಿದ ಕೈಗೆ ಎರಡು ಚಟ ಅಂಟಿಕೊಂಡಿರುತ್ತವೆ: ಬೆಳ್ಳಗೆ ಮಾಡುವುದು, ನುಣ್ಣಗೆ ಮಾಡುವುದು. ದಾವಣಗೆರೆಯಲ್ಲಿ ಸ್ಟುಡಿಯೊ ಇಟ್ಟುಕೊಂಡಿರುವ ನನಗೆ ಸೀಸನ್‌ನಲ್ಲಿ ಅನ್ನ ಹಾಕುವುದು ಈ ಚಟಗಳೇ. ಮದುಮಗಳ ಮುಖ ಒಂದು ಸುತ್ತು ಬೆಳಗದಿದ್ದರೆ ಬೀಗರು ಆಲ್ಬಮ್ ಮುಟ್ಟುವುದಿಲ್ಲ. ಆದರೆ ನಾಯಿ, ಬೆಕ್ಕು, ಹಕ್ಕಿ ಫೋಟೊ ಮುಂದೆ ಕೂತಾಗ ಎರಡನ್ನೂ ಕಟ್ಟಿ ಮೂಲೆಗಿಡಬೇಕು. ಪ್ರಾಣಿಯ ಚೆಲುವೆಲ್ಲ ಇರುವುದು ಕೂದಲಲ್ಲಿ, ಗರಿಯಲ್ಲಿ, ಅದರ ಸ್ವಂತ ಬಣ್ಣದಲ್ಲಿ. ಅದನ್ನೇ ಉಜ್ಜಿ ತೆಗೆದ ಮೇಲೆ ಪ್ಲಾಸ್ಟಿಕ್ ಗೊಂಬೆಯ ಫೋಟೊ ತೆಗೆದ ಹಾಗೆಯೇ.

ಅಂಗಡಿಗೆ ಹೆಚ್ಚಾಗಿ ಬರುವುದು ಕರಿ ನಾಯಿ. ಲ್ಯಾಬ್ರಡಾರ್ ಇರಬಹುದು, ಬೀದಿಯಿಂದ ಎತ್ತಿಕೊಂಡು ಬಂದು ಸಾಕಿದ್ದಿರಬಹುದು, ತರುವವರ ದೂರು ಮಾತ್ರ ಒಂದೇ: "ಅಣ್ಣ, ಮುಖಾನೇ ಕಾಣ್ತಿಲ್ಲ, ಸ್ವಲ್ಪ ಬೆಳ್ಳಗೆ ಮಾಡ್ರಿ." ಇಲ್ಲಿ ಕ್ಯಾಮೆರಾದ ಸ್ವಭಾವ ಗೊತ್ತಿರಬೇಕು. ಅದರ ಮೀಟರ್ ಎದುರಿಗೆ ಏನಿದ್ದರೂ ಅದನ್ನು ನಡುಮಟ್ಟದ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕರಿ ನಾಯಿ ಚೌಕಟ್ಟಿನ ತುಂಬ ಇದ್ದರೆ ಬೆಳಕು ಜಾಸ್ತಿ ಎಳೆದುಕೊಂಡು ನಾಯಿಗೆ ಬೂದಿ ಬಳಿಯುತ್ತದೆ. ಅದೇ ನಾಯಿ ಬಿಳಿ ಗೋಡೆ ಮುಂದೆ ಕೂತಿದ್ದರೆ ಗೋಡೆಗೆ ಹೆದರಿ ಬೆಳಕು ಇಳಿಸುತ್ತದೆ, ನಾಯಿ ಕಪ್ಪು ಮುದ್ದೆಯಾಗುತ್ತದೆ. ಮೊದಲನೆಯದಕ್ಕೆ ಎಕ್ಸ್‌ಪೋಶರ್ (ಇಡೀ ಫೋಟೊದ ಬೆಳಕು) ಇಳಿಸಿದರೆ ಸಾಕು. ಕಷ್ಟ ಎರಡನೆಯದು.

ಮೊನ್ನೆ ಬಂದದ್ದು ಎರಡನೇ ಜಾತಿಯದು. ಸುಣ್ಣ ಬಳಿದ ಗೋಡೆ, ಮನೆ ಮುಂದಿನ ಕಟ್ಟೆ, ಕಟ್ಟೆ ಮೇಲೆ ಕಿವಿ ನಿಮಿರಿಸಿ ಕೂತ ಕರಿ ನಾಯಿ. ಇಡೀ ಫೋಟೊಗೆ ಬೆಳಕು ಏರಿಸಿದರೆ ಗೋಡೆ ಉರಿದುಹೋಗುತ್ತದೆ, ಹಾಗಾಗಿ ಎಕ್ಸ್‌ಪೋಶರ್ ಮುಟ್ಟಲೇ ಇಲ್ಲ. ಫೋಟೊ ತಿದ್ದುವ ಲೈಟ್‌ರೂಮ್‌ನಲ್ಲಿ ಶ್ಯಾಡೋಸ್ (ನೆರಳಿನ ಭಾಗ) ಮೇಲಕ್ಕೆ ಎಳೆದೆ, ಬ್ಲ್ಯಾಕ್ಸ್ (ಕಡುಗಪ್ಪು ಭಾಗ) ಕೆಳಕ್ಕೆ ಇಳಿಸಿದೆ. ಕೆಲಸವೆಲ್ಲ ಈ ಜೋಡಿಯಲ್ಲಿದೆ. ಶ್ಯಾಡೋಸ್ ಒಂದನ್ನೇ ಎತ್ತಿದರೆ ಮಣ್ಣಲ್ಲಿ ಹೊರಳಿ ಬಂದ ನಾಯಿ ಕಾಣುತ್ತದೆ. ಜೊತೆಗೆ ಬ್ಲ್ಯಾಕ್ಸ್ ಇಳಿಸಿದಾಗ ಕುತ್ತಿಗೆಯ ಸುಳಿ, ಎದೆಯ ಕೂದಲಿನ ಎಳೆ ಒಂದೊಂದೇ ಬಿಡಿಸಿಕೊಂಡು ಬಂದರೂ ನಾಯಿ ಕಪ್ಪಾಗೇ ಉಳಿಯುತ್ತದೆ. ಆಮೇಲೆ ಹೈಲೈಟ್ಸ್ (ಹೆಚ್ಚು ಬೆಳಕಿನ ಭಾಗ) ಇಳಿಸಿ ಗೋಡೆಗೆ ಸುಣ್ಣದ ಗೆರೆ ವಾಪಸ್ ತಂದೆ. ನೆರಳಲ್ಲಿ ತೆಗೆದದ್ದರಿಂದ ಬೆನ್ನ ಕೂದಲಿಗೆ ಆಕಾಶದ ನೀಲಿ ಹತ್ತಿತ್ತು, ವೈಟ್ ಬ್ಯಾಲೆನ್ಸನ್ನು ಒಂದು ಚೂರು ಬಿಸಿ ಕಡೆಗೆ ಸರಿಸಿದ್ದಕ್ಕೆ ಹೋಯಿತು.

ಕಣ್ಣಿಗೆ ಬ್ರಷ್ ಹಾಕುವುದು ಪಾಪೆಯ ಸುತ್ತಲಿನ ಕಂದು ವೃತ್ತಕ್ಕೆ ಮಾತ್ರ, ಅದೂ ಅರೆ ಪಾಲು. ಮದುವೆ ಫೋಟೊದಲ್ಲಿ ಕಣ್ಣಿನ ಬಿಳಿಯನ್ನು ಹೊಳಪಿಸುತ್ತೇವಲ್ಲ, ನಾಯಿಗೆ ಹಾಗೆ ಮಾಡಿದರೆ ಬೆದರಿದ ಪ್ರಾಣಿ ಆಗಿಬಿಡುತ್ತದೆ. ಫ್ಲ್ಯಾಶ್ ಹೊಡೆದು ಕಣ್ಣು ಹಸಿರಾಗಿ ಉರಿಯುವ ಫೋಟೊಗಳಿಗೆ ರೆಡ್ ಐ ಟೂಲ್ ಕೆಲಸಕ್ಕೆ ಬರುವುದಿಲ್ಲ. ನಾಯಿ, ಬೆಕ್ಕಿನ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ತಿರುಗಿಸಿ ಕಳಿಸುವ ಪದರ ಇದೆ, ಅಲ್ಲಿಂದ ಬರುವ ಹೊಳಪು ಕೆಂಪಲ್ಲ. ಪೆಟ್ ಐ ಅಂತ ಬೇರೆ ಆಯ್ಕೆ ಇದೆ, ಅದನ್ನು ಬಳಸಿ.

ಶಾರ್ಪ್ ಮಾಡುವಾಗ ಆಲ್ಟ್ ಕೀ ಒತ್ತಿ ಹಿಡಿದು ಮಾಸ್ಕಿಂಗ್ ಎಳೆದರೆ ತೆರೆ ಕಪ್ಪಾಗಿ, ಶಾರ್ಪ್ ಆಗುವ ಜಾಗ ಮಾತ್ರ ಬಿಳಿ ಗೆರೆಯಲ್ಲಿ ಕಾಣುತ್ತದೆ. ಕೂದಲು, ಮೀಸೆ, ಮೂಗಿನ ಅಂಚು ಬಿಳಿಯಾಗಿದ್ದು ಗೋಡೆ ಪೂರ್ತಿ ಕಪ್ಪಾದಾಗ ಕೈ ಬಿಡುವುದು. ನಾಯ್ಸ್ ಕಮ್ಮಿ ಮಾಡುವ ಸ್ಲೈಡರ್ ಬಗ್ಗೆ ನಾನು ಜಿಪುಣ. ಕಾಳು ಕಾಳಾಗಿ ಕಂಡರೂ ಪರವಾಗಿಲ್ಲ, ಮೀಸೆ ಮಾಯವಾಗಬಾರದು.

ಕಟ್ಟೆಯ ಕೆಳಗೆ ಒಂಟಿ ಹವಾಯಿ ಚಪ್ಪಲಿ ಬಿದ್ದಿತ್ತು. ಅಳಿಸಲು ಹೊರಟೆ. ಫೋಟೊ ತಂದ ಅಮ್ಮ ಹಿಂದೆಯೇ ನಿಂತು ನೋಡುತ್ತಿದ್ದವರು, "ಅದು ಇರ್ಲಿ ಬಿಡ್ರಿ, ಅದರ ಜೋಡಿ ಕಡಿದು ಹಾಕಿದ್ದೇ ಇದು" ಅಂದರು. ಚಪ್ಪಲಿ ಉಳಿಯಿತು. ಕ್ರಾಪ್ ಮಾಡುವಾಗ ಅದಕ್ಕೂ ಜಾಗ ಬಿಟ್ಟೆ.

ಸಾಕಿದ ಪ್ರಾಣಿಯ ಫೋಟೊದಲ್ಲಿ ಏನು ಇರಬೇಕು, ಏನು ಹೋಗಬೇಕು ಅಂತ ಹೇಳುವವರು ಸಾಕಿದವರೇ. ಬೇಡವಾದ ಬಕೆಟ್, ವೈರು ಅಳಿಸಲು ನನಗೇನೂ ಅಡ್ಡಿ ಇಲ್ಲ. ಎಐ ಆ್ಯಪ್‌ಗಳಲ್ಲಿ ಹಾಕಿ "ಕ್ಲಿಯರ್" ಮಾಡಿಸಿ ತರುತ್ತಾರಲ್ಲ, ಅದಕ್ಕೆ ಮಾತ್ರ ನನ್ನ ತಕರಾರು. ಅದು ಇಲ್ಲದ ಕೂದಲನ್ನು ತಾನೇ ಬರೆಯುತ್ತದೆ. ಬಿಸಿಲಿಗೆ ಕೂತ ಬೆಕ್ಕಿನ ಪಾಪೆ ಸೀಳು ಗೆರೆಯಂತಿರಬೇಕು. ಆ್ಯಪ್ ಅದನ್ನು ದುಂಡಗೆ ತಿದ್ದಿದ್ದನ್ನು ಕಂಡಿದ್ದೇನೆ. ಸತ್ತುಹೋದ ಪ್ರಾಣಿಯ ಫೋಟೊ ಆದರಂತೂ ನಾನು ಮೂಲ ಫೈಲೇ ಕೇಳುತ್ತೇನೆ, ಅಲ್ಲಾಡಿದ್ದರೂ ಸರಿ. ಮನೆಯವರಿಗೆ ಬೇಕಾದದ್ದು ಅವರ ಬೆಕ್ಕು.

ಹಕ್ಕಿಗಳದು ಬೇರೆಯೇ ಲೆಕ್ಕ. ಭದ್ರಾ ನಾಲೆಗೆ ನೀರು ಬಿಟ್ಟು ಗದ್ದೆ ಕೆಸರು ಮಾಡುವಾಗ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿಗಳ ಹಿಂಡೇ ನಡೆಯುತ್ತದೆ. ಕಪ್ಪು ಕೆಸರಿನ ಮೇಲೆ ಬಿಳಿ ಹಕ್ಕಿ: ಮೀಟರ್ ಕೆಸರನ್ನು ನೋಡಿ ಬೆಳಕು ಏರಿಸುತ್ತದೆ, ಹಕ್ಕಿ ಸುಟ್ಟುಹೋಗುತ್ತದೆ. ಪೂರ್ತಿ ಸುಟ್ಟ ಬಿಳಿಯಲ್ಲಿ ಮಾಹಿತಿಯೇ ಇರುವುದಿಲ್ಲ, ಹೈಲೈಟ್ಸ್ ಎಷ್ಟು ಇಳಿಸಿದರೂ ಗರಿ ಬರುವುದಿಲ್ಲ, ಬರೀ ಬೂದು ತೇಪೆ ಬರುತ್ತದೆ. ಆದ್ದರಿಂದ ಗದ್ದೆಯಲ್ಲೇ ಕ್ಯಾಮೆರಾದ ಎಕ್ಸ್‌ಪೋಶರ್ ಕಾಂಪನ್ಸೇಶನ್ ಮೈನಸ್‌ಗೆ ಇಳಿಸಿ, ರಾದಲ್ಲಿ, ಅಂದರೆ ಸೆನ್ಸರ್‌ನ ಕಚ್ಚಾ ಫೈಲಾಗಿ ತೆಗೆಯುತ್ತೇನೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾದಲ್ಲಿ 16,384. ಬೆಕ್ಕಿನ ಫೋಟೊದಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣದು, ಬೆಳ್ಳಕ್ಕಿಯ ರೆಕ್ಕೆಯಲ್ಲಿ ಎದ್ದು ಕಾಣುತ್ತದೆ.

ನಾಟಿ ಆದ ಮೇಲೆ ಇನ್ನೊಂದು ತೊಡಕು. ಭತ್ತದ ಹಸಿರು ಹಕ್ಕಿಯ ಹೊಟ್ಟೆಯ ಕೆಳಗೆ ಪ್ರತಿಫಲಿಸುತ್ತದೆ. ಆ ಭಾಗಕ್ಕೆ ಮಾತ್ರ ಮಾಸ್ಕ್ ಹಾಕಿ ಹಸಿರನ್ನು ಅರ್ಧ ಇಳಿಸುತ್ತೇನೆ. ಪೂರ್ತಿ ತೆಗೆದರೆ ಹಕ್ಕಿ ಗದ್ದೆಯಲ್ಲಿ ನಿಂತಿಲ್ಲ, ಅಂಟಿಸಿದ್ದಾರೆ ಅನಿಸುತ್ತದೆ. ಬಣ್ಣ ಹೆಕ್ಕುವ ಐಡ್ರಾಪರನ್ನು ಹಕ್ಕಿಯ ಬಿಳಿಗೆ ಒತ್ತಿ ವೈಟ್ ಬ್ಯಾಲೆನ್ಸ್ ಮಾಡುವವರಿದ್ದಾರೆ. ಬೆಳಗಿನ ಎಳೆಬಿಸಿಲಿನ ಹಳದಿಯೂ ಅದರ ಜೊತೆ ಹೋಗುತ್ತದೆ, ಏಳು ಗಂಟೆಯ ಫೋಟೊ ಹನ್ನೊಂದು ಗಂಟೆಯದಾಗುತ್ತದೆ. ಗದ್ದೆಯ ಹಸಿರಿಗೂ ಅಷ್ಟೇ, ಫೋನುಗಳು ಅದನ್ನು ಮೊದಲೇ ಕಣ್ಣು ಚುಚ್ಚುವಷ್ಟು ಏರಿಸಿರುತ್ತವೆ. ನಾನು ಸ್ಯಾಚುರೇಶನ್ ಮುಟ್ಟುವುದು ಹೆಚ್ಚಾಗಿ ಇಳಿಸಲಿಕ್ಕೇ.

ಚಿತ್ರದುರ್ಗದ ಕೋಟೆ ಬಂಡೆಗಳ ಮೇಲಿನ ಓತಿಕ್ಯಾತದಲ್ಲಿ ಇದೇ ಪಾಠ ಕೆಂಪಿಗೆ. ಜೋಡಿ ಕೂಡುವ ಕಾಲದಲ್ಲಿ ಗಂಡಿನ ಬೆನ್ನು ಕೆಂಪೇರಿ, ಮಗ್ಗುಲು ಕಪ್ಪಾಗುತ್ತದೆ. ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್‌ನಲ್ಲಿ ಒಟ್ಟು ಬೆಳಕು ಸರಿಯಿದ್ದರೂ ಕೆಂಪು ಚಾನೆಲ್ ಒಂದೇ ಬಲಗೋಡೆಗೆ ಬಡಿದಿರುತ್ತದೆ, ಹುರುಪೆಗಳೆಲ್ಲ ಕಲಸಿಹೋಗಿರುತ್ತವೆ. ರಾದಲ್ಲಿ ತೆಗೆದಿದ್ದು ಪೂರ್ತಿ ಸುಟ್ಟಿರದಿದ್ದರೆ, ಕೆಂಪನ್ನು ಮಾತ್ರ ಆರಿಸಿ ಇಳಿಸಿದಾಗ ಹುರುಪೆ ವಾಪಸ್ ಬರುತ್ತವೆ.

ಅದರ ಮುಂದೆ ಅಡ್ಡ ಬಂದ ಹುಲ್ಲುಕಡ್ಡಿ ಅಳಿಸಬಹುದೇ? ಗೋಡೆಗೆ ಹಾಕಿಕೊಳ್ಳುವುದಾದರೆ ನಿಮ್ಮಿಷ್ಟ. ಸ್ಪರ್ಧೆಯ ನೇಚರ್ ವಿಭಾಗಕ್ಕೆ ಆದರೆ ಮುಟ್ಟುವಂತಿಲ್ಲ. ಅಮೆರಿಕದ ಪಿಎಸ್‌ಎ, ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಬ್ರಿಟನ್ನಿನ ಆರ್‌ಪಿಎಸ್ ಈ ಮೂರೂ ಫೋಟೊಗ್ರಫಿ ಸಂಸ್ಥೆಗಳು 2015ರಿಂದ ಜಾರಿಗೆ ತಂದ ಒಂದೇ ವ್ಯಾಖ್ಯೆಯ ಪ್ರಕಾರ ಕ್ರಾಪ್ ಮಾಡಬಹುದು, ಸೆನ್ಸರ್ ಮೇಲಿನ ಧೂಳಿನ ಚುಕ್ಕಿ ಮತ್ತು ನಾಯ್ಸ್ ತೆಗೆಯಬಹುದು, ಕಪ್ಪುಬಿಳುಪು ಮಾಡಬಹುದು. ದೃಶ್ಯದಲ್ಲಿದ್ದದ್ದನ್ನು ತೆಗೆಯುವುದು, ಸೇರಿಸುವುದು, ಸರಿಸುವುದು ಸಲ್ಲದು. ಸಾಕುಪ್ರಾಣಿಗಳಿಗೆ ಆ ವಿಭಾಗದಲ್ಲಿ ಜಾಗವೇ ಇಲ್ಲ, ಎಷ್ಟೇ ಚೆಂದದ ನಾಯಿಯಾದರೂ.

ಪ್ರಿಂಟ್ ವಿಷಯಕ್ಕೆ ಬಂದರೆ ಅರ್ಧ ಜಗಳ ವಾಟ್ಸ್ಆ್ಯಪ್‌ನಿಂದ. ಎಚ್‌ಡಿ ಆರಿಸದೆ ಫೋಟೊ ಅಂತಲೇ ಕಳಿಸಿದರೆ ಉದ್ದನೆಯ ಬದಿ ಸುಮಾರು 1,600 ಪಿಕ್ಸೆಲ್‌ಗೆ ಇಳಿದಿರುತ್ತದೆ. ಇಂಚಿಗೆ 300ರಂತೆ ಲೆಕ್ಕ ಹಾಕಿ, ಐದು ಇಂಚು ಚಿಲ್ಲರೆ ಆಯಿತು. ಕೇಳುವುದು 12 ಬೈ 18. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಕೌಂಟರ್ ಮೇಲೆ ಚೀಟಿಯನ್ನೇ ಅಂಟಿಸಿದ್ದೇನೆ. ಇನ್ನೊಂದು: ಫೋನಿನ ಫೋಟೊ 4:3, 8 ಬೈ 12 ಪ್ರಿಂಟ್ 3:2. ಒಂಬತ್ತರಲ್ಲಿ ಒಂದು ಪಾಲು ಕತ್ತರಿಗೆ ಹೋಗುತ್ತದೆ, ಅಡ್ಡ ಫೋಟೊದಲ್ಲಿ ಹೋಗುವುದು ಸರಿಯಾಗಿ ಕಿವಿಯ ತುದಿ. ತೆಗೆಯುವಾಗಲೇ ತಲೆ ಮೇಲೆ ಜಾಗ ಬಿಡಿ, ಇಲ್ಲವೇ ಅಳತೆ ಬದಲಿಸಿ ಹಾಕಿಸಿ.

ಕರಿ ನಾಯಿಗೆ ಗ್ಲಾಸಿ ಕಾಗದ ಬೇಡ ಅನ್ನುತ್ತೇನೆ, ಕಪ್ಪಿನಲ್ಲಿ ಟ್ಯೂಬ್‌ಲೈಟ್ ಕೂತುಬಿಡುತ್ತದೆ. ಪೂರ್ತಿ ಮ್ಯಾಟ್‌ನಲ್ಲಿ ಕಪ್ಪು ಸಪ್ಪೆಯಾಗುತ್ತದೆ. ಎರಡರ ನಡುವಿನ ಲಸ್ಟರ್ ನನ್ನ ಆಯ್ಕೆ. ಕಾಗದ ತಾನಾಗಿ ಬೆಳಗುವುದಿಲ್ಲವಾದ್ದರಿಂದ ಮಾನಿಟರ್ ಬ್ರೈಟ್‌ನೆಸ್ ಇಳಿಸಿ ನೋಡಿ, ಒಂದು ಸಣ್ಣ ಟೆಸ್ಟ್ ಪ್ರಿಂಟ್ ತೆಗೆದ ಮೇಲೆಯೇ ದೊಡ್ಡದು. ಸುತ್ತ ಎರಡು ಬೆರಳಗಲ ಮಾಸಲು ಬಿಳಿ ಮೌಂಟ್ ಬೋರ್ಡ್ ಹಾಕಿದರೆ ಗಾಜಿಗೆ ಪ್ರಿಂಟ್ ಅಂಟುವುದಿಲ್ಲ.

ಇಷ್ಟೆಲ್ಲ ಹೇಳಿದರೂ ನಾಯಿ ಹುಟ್ಟುಹಬ್ಬಕ್ಕೆ ಫ್ಲೆಕ್ಸೇ ಬೇಕು ಅನ್ನುವ ಹುಡುಗರು ಬರುತ್ತಾರೆ. ದೂರದಿಂದ ನೋಡುವುದಾದ್ದರಿಂದ ಅಲ್ಲಿ ಇಂಚಿಗೆ 72 ಪಿಕ್ಸೆಲ್ ಸಾಕು, ಕಾಂಟ್ರಾಸ್ಟ್ ಮಾತ್ರ ಒಂದು ಹಿಡಿ ಜಾಸ್ತಿ. ಗುಲಾಬಿ ಹೂವು, ಕಿರೀಟ ಕೇಳಿದರೆ ಹಾಕಿಕೊಡುತ್ತೇನೆ. ನಾಯಿಯನ್ನು ಬೆಳ್ಳಗೆ ಮಾಡಿ ಅಂದರೆ ಪಕ್ಕದ ಅಂಗಡಿ ತೋರಿಸುತ್ತೇನೆ.